ಎರಡು ಅಮಾವಾಸ್ಯೆಗಳ ನಡುವೆ ಹಾಸನ ಸೀಮೆಯ ಮನೆ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಒಕ್ಕಲು ಕುಟುಂಬವೊಂದರ ವರ್ಷವನ್ನು ತಿಂಗಳು ತಿಂಗಳಾಗಿ ಬಿಡಿಸಿ ನೋಡಿದರೆ, ಹೊಲದ ಕೆಲಸ, ಮನೆಯ ಖರ್ಚು, ನೆಂಟರ ಬರವು ಮತ್ತು ದೇವರ ಕಾರ್ಯ ಈ ನಾಲ್ಕೂ ಒಟ್ಟಿಗೆ ಬಂದು ಬೀಳುವುದು ಆಶ್ವಯುಜ ಮಾಸದಲ್ಲಿ. ಕರ್ನಾಟಕದಲ್ಲಿ ಬಳಕೆಯಲ್ಲಿರುವುದು ಅಮಾಂತ ಪದ್ಧತಿ, ಎಂದರೆ ಅಮಾವಾಸ್ಯೆಗೆ ತಿಂಗಳು ಮುಗಿದು ಮರುದಿನದ ಪಾಡ್ಯದಿಂದ ಹೊಸ ತಿಂಗಳು ತೊಡಗುವ ಲೆಕ್ಕ. ಅದರ ಪ್ರಕಾರ ಭಾದ್ರಪದವು ಮಹಾಲಯ ಅಮಾವಾಸ್ಯೆಯಂದು ಮುಗಿಯುತ್ತದೆ, ಮರುದಿನ ನವರಾತ್ರಿಯೊಡನೆ ಆಶ್ವಯುಜ ಹುಟ್ಟುತ್ತದೆ, ದೀಪಾವಳಿಯ ಅಮಾವಾಸ್ಯೆಗೆ ಅದೂ ಮುಗಿಯುತ್ತದೆ. ಸತ್ತ ಹಿರಿಯರಿಗೆ ಎಡೆ ಇಡುವ ದಿನದಿಂದ ಲಕ್ಷ್ಮಿಯನ್ನು ಬರಮಾಡಿಕೊಳ್ಳುವ ದಿನದವರೆಗಿನ ಈ ಅವಧಿಯಲ್ಲಿ ದಸರೆ ಬರುತ್ತದೆ, ಸೀಗೆ ಹುಣ್ಣಿಮೆ ಬರುತ್ತದೆ, ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಹಾಸನಾಂಬೆಯ ಬಾಗಿಲು ತೆರೆಯುತ್ತದೆ, ಸೂರ್ಯನು ತುಲಾ ರಾಶಿಗೆ ಕಾಲಿಟ್ಟು ಕಾವೇರಿಯ ಸ್ನಾನಘಟ್ಟಗಳು ತುಂಬುತ್ತವೆ. ಇದೇ ಹೊತ್ತಿಗೆ ರಾಗಿ ತೆನೆ ಕಟ್ಟುತ್ತದೆ, ಭತ್ತ ಹೊಡೆ ತುಂಬುತ್ತದೆ, ಮುಸುಕಿನ ಜೋಳ ಮುರಿಯಲು ಬರುತ್ತದೆ, ಹೊಗೆಸೊಪ್ಪು ಹರಾಜಿಗೆ ಹೊರಡುತ್ತದೆ.

ಹಬ್ಬಗಳು ಹೆಚ್ಚಾದ್ದರಿಂದ ಈ ತಿಂಗಳು ದಟ್ಟಣೆಯದಾಯಿತು ಎಂಬ ಸಾಮಾನ್ಯ ವಿವರಣೆ ಅರ್ಧ ಮಾತ್ರ ನಿಜ. ಈ ಸೀಮೆಯ ಮನೆಗಳು ಒಂದೇ ಕಾಲದಲ್ಲಿ ಮೂರು ಪಂಚಾಂಗಗಳನ್ನು ಅನುಸರಿಸುತ್ತವೆ. ಹೆಚ್ಚಿನ ಹಬ್ಬಗಳು ಚಂದ್ರನ ಲೆಕ್ಕದವು. ಬೇಸಾಯ ಸೂರ್ಯನ ಲೆಕ್ಕದ್ದು, ಏಕೆಂದರೆ ರೈತರು ಮಳೆಯನ್ನು ಗುರುತಿಸುವುದು ಸೂರ್ಯನು ಆಯಾ ನಕ್ಷತ್ರದಲ್ಲಿರುವ ಹದಿಮೂರು-ಹದಿನಾಲ್ಕು ದಿನಗಳ ಅವಧಿಯಿಂದ. ಶಾಲೆ, ಕಚೇರಿ, ಹರಾಜು ಕಟ್ಟೆ ಮತ್ತು ಸರ್ಕಾರದ ಖರೀದಿ ಕೇಂದ್ರಗಳದ್ದು ಇಂಗ್ಲಿಷ್ ತಾರೀಖಿನ ಲೆಕ್ಕ. ಇವುಗಳಲ್ಲಿ ಮೊದಲನೆಯದು ಉಳಿದೆರಡರ ಎದುರು ವರ್ಷ ವರ್ಷವೂ ಸರಿದಾಡುತ್ತದೆ. ಆ ಸರಿದಾಟವನ್ನು ಸರಿದೂಗಿಸುವ ಹೊಣೆ ಯಾವ ಪಂಚಾಂಗದ್ದೂ ಅಲ್ಲ, ಮನೆಯದು, ಮನೆಯೊಳಗೂ ಹೆಚ್ಚಾಗಿ ಹೆಂಗಸರದು.

ಸರಿದಾಟದ ಕಾರಣ ಸರಳವಾದದ್ದು. ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಸುಮಾರು 354 ದಿನಗಳಾಗುತ್ತವೆ. ಸೌರವರ್ಷಕ್ಕಿಂತ ಇದು ಹನ್ನೊಂದು ದಿನ ಕಡಿಮೆ. ಆದ್ದರಿಂದ ಹಬ್ಬವು ಪ್ರತಿ ವರ್ಷ ಹನ್ನೊಂದು ದಿನದಷ್ಟು ಹಿಂದಕ್ಕೆ ಬರುತ್ತ, ಎರಡೂವರೆ-ಮೂರು ವರ್ಷಗಳಿಗೊಮ್ಮೆ ಅಧಿಕಮಾಸ ಸೇರಿದಾಗ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ಹಾಸನಾಂಬ ದೇವಾಲಯದ ಬಾಗಿಲು ತೆರೆದ ತಾರೀಖುಗಳನ್ನು ಸಾಲಾಗಿಟ್ಟರೆ ಇದು ಕಣ್ಣಿಗೇ ಕಾಣುತ್ತದೆ: 2022ರಲ್ಲಿ ಅಕ್ಟೋಬರ್ 13, ಅಧಿಕ ಶ್ರಾವಣ ಬಂದ 2023ರಲ್ಲಿ ನವೆಂಬರ್ 2, ಅನಂತರ 2024ರಲ್ಲಿ ಅಕ್ಟೋಬರ್ 24, 2025ರಲ್ಲಿ ಅಕ್ಟೋಬರ್ 9. 2020ರಲ್ಲಿ ಇನ್ನೂ ವಿಚಿತ್ರವಾದ ಸಂಗತಿ ನಡೆಯಿತು. ಆ ವರ್ಷ ಆಶ್ವಯುಜವೇ ಅಧಿಕವಾಗಿ ಬಂದಿದ್ದರಿಂದ, ಸೆಪ್ಟೆಂಬರ್ 17ಕ್ಕೆ ಮಹಾಲಯ ಅಮಾವಾಸ್ಯೆ ಮುಗಿದರೂ ನವರಾತ್ರಿ ತೊಡಗಲು ಒಂದು ತಿಂಗಳು ಕಾಯಬೇಕಾಯಿತು; ಅಧಿಕಮಾಸದಲ್ಲಿ ಹಬ್ಬ ಮಾಡುವ ರೂಢಿ ಇಲ್ಲದಿರುವುದರಿಂದ ಎಂದೂ ಬಿಡುವಿಲ್ಲದ ತಿಂಗಳಿನ ನಟ್ಟನಡುವೆ ಆ ಒಂದು ವರ್ಷ ಬರಿದಾದ ಮೂವತ್ತು ದಿನಗಳು ಸಿಕ್ಕಿದವು.

ತಿಂಗಳ ಬಾಗಿಲಲ್ಲಿ ನಿಂತಿರುವುದು ಹಿರಿಯರ ಹಬ್ಬ. ಪುರೋಹಿತರ ಭಾಷೆಯಲ್ಲಿ ಪಿತೃಪಕ್ಷವಾದದ್ದು ಒಕ್ಕಲು ಮನೆಗಳ ಬಾಯಲ್ಲಿ ಪಕ್ಷದ ಹಬ್ಬ. ಶ್ರಾದ್ಧದ ಮಂತ್ರ, ತರ್ಪಣಗಳು ಬ್ರಾಹ್ಮಣ ಮನೆಗಳ ಕ್ರಮವಾದರೆ, ಉಳಿದ ಹೆಚ್ಚಿನ ಮನೆಗಳಲ್ಲಿ ಆಚರಣೆಯ ತಿರುಳು ಎಡೆ, ಅಂದರೆ ತೀರಿಹೋದವರ ಹೆಸರಿನಲ್ಲಿ ಬಾಳೆ ಎಲೆಯ ಮೇಲೆ ಬಡಿಸಿಡುವ ಊಟ. ಎಡೆ ಇಡುವ ಮುನ್ನ ಮನೆಗೆ ಸುಣ್ಣ-ಬಣ್ಣ, ಅಟ್ಟದ ಧೂಳು ಹೊಡೆಯುವುದು, ಹಾಸಿಗೆ-ಕಂಬಳಿಗಳನ್ನು ಕೆರೆಗೋ ಕಾಲುವೆಗೋ ಒಯ್ದು ಒಗೆಯುವುದು ಆಗಬೇಕು. ಹೀಗಾಗಿ ಆಶ್ವಯುಜದ ಕೆಲಸ ನಿಜವಾಗಿ ಭಾದ್ರಪದದ ಕೊನೆಯ ವಾರದಲ್ಲೇ ಶುರುವಾಗಿರುತ್ತದೆ. ಹಬ್ಬದ ದಿನ ಕಳಶ ಹೂಡಿ, ಅದರ ಮುಂದೆ ಹೊಸ ಸೀರೆ, ಪಂಚೆ, ಟವೆಲುಗಳನ್ನು ಇಟ್ಟು, ಸತ್ತವರು ಬದುಕಿದ್ದಾಗ ಇಷ್ಟಪಟ್ಟಿದ್ದನ್ನೆಲ್ಲ ಬಡಿಸುತ್ತಾರೆ. ಒತ್ತುಶ್ಯಾವಿಗೆ ಮತ್ತು ಕಾಯಿಹಾಲು, ಕಜ್ಜಾಯ, ವಡೆ, ಪಾಯಸ, ಮಾಂಸಾಹಾರಿ ಮನೆಗಳಲ್ಲಿ ಬಾಡಿನ ಸಾರು ಮತ್ತು ಮುದ್ದೆ ಇರುತ್ತವೆ. ಅಜ್ಜನಿಗೆ ಬೀಡಿಯ ಚಟವಿದ್ದರೆ ಒಂದು ಕಟ್ಟು ಬೀಡಿ, ಅಜ್ಜಿ ಎಲೆಅಡಿಕೆ ಹಾಕುತ್ತಿದ್ದರೆ ಅದೂ ಎಡೆಯ ಪಕ್ಕದಲ್ಲಿ ಇರುತ್ತದೆ. ಧೂಪ ಹಾಕಿ, ಕಾಯಿ ಒಡೆದು, ಹಿರಿಯರು ಬಂದು ಉಣ್ಣಲೆಂದು ಬಾಗಿಲೆಳೆದುಕೊಂಡು ಮನೆಮಂದಿಯೆಲ್ಲ ಸ್ವಲ್ಪ ಹೊತ್ತು ಹೊರಗಿದ್ದು, ಆಮೇಲೆ ಒಳಬಂದು ಊಟಕ್ಕೆ ಕೂರುತ್ತಾರೆ.

ಈ ಹಬ್ಬವನ್ನು ಆರ್ಥಿಕವಾಗಿಯೂ ನೋಡಬೇಕು. ಎಡೆಗೆ ಇಟ್ಟ ಬಟ್ಟೆಯನ್ನು ಅನಂತರ ಮನೆಯವರೇ ಉಡುವುದರಿಂದ ಅದು ಖರ್ಚಾದರೂ ವ್ಯರ್ಥವಲ್ಲ. ಆದರೆ ಬಂಧುಗಳೆಲ್ಲ ಒಂದೇ ದಿನ ಎಡೆ ಇಟ್ಟರೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದು ಸಾಧ್ಯವಾಗದು. ಆದ್ದರಿಂದ ಅನೇಕ ಊರುಗಳಲ್ಲಿ ಅಣ್ಣತಮ್ಮಂದಿರೂ ಬೀಗರೂ ಪಕ್ಷದ ಹದಿನೈದು ದಿನಗಳಲ್ಲಿ ಬೇರೆ ಬೇರೆ ದಿನಗಳನ್ನು ಹಂಚಿಕೊಂಡಿರುತ್ತಾರೆ, ಅಮಾವಾಸ್ಯೆಯನ್ನು ಬಹುಮಂದಿ ಇಟ್ಟುಕೊಂಡಿರುತ್ತಾರೆ. ಈ ಹಂಚಿಕೆಯ ಫಲವಾಗಿ ಒಂದೇ ಮನೆಯವರು ಹತ್ತು-ಹದಿನೈದು ದಿನಗಳಲ್ಲಿ ನಾಲ್ಕೈದು ಕಡೆ ಬಾಡೂಟಕ್ಕೆ ಹೋಗಿಬರುವ ಸಂದರ್ಭವೂ ಇದೆ. ಉಣ್ಣುವವರಿಗೆ ಇದು ಸುಖದ ಸಂಗತಿ. ಅಡುಗೆ ಮನೆಯಲ್ಲಿ ನಿಂತವರನ್ನು ಕೇಳಿದರೆ ಬೇರೆ ಮಾತು ಬರಬಹುದು.

ಅಮಾವಾಸ್ಯೆಯ ಮರುದಿನವೇ ಮನೆಯ ಕ್ರಮ ಪೂರ್ತಿಯಾಗಿ ತಿರುಗಿಬೀಳುತ್ತದೆ. ನವರಾತ್ರಿಯ ಒಂಬತ್ತು ದಿನ ಬಾಡು ಮುಟ್ಟದ ವ್ರತವನ್ನು ಹಿಡಿಯುವ ಮನೆಗಳಲ್ಲಿ ಹಿಂದಿನ ದಿನದ ಪಾತ್ರೆಗಳನ್ನು ಬೆಳಗಿ, ಒಲೆ ಸಾರಿಸಿ, ಪಟ್ಟಕ್ಕೆ ಕೂರಿಸುವ ದೇವರಿಗೆ ಜಾಗ ಮಾಡಬೇಕಾಗುತ್ತದೆ. ಹಾಸನ, ಹೊಳೆನರಸೀಪುರ ಮತ್ತು ಅರಕಲಗೂಡು ಪಟ್ಟಣಗಳ ಬೀದಿಗಳಲ್ಲಿಯೂ, ಸಂಕೇತಿ ಬ್ರಾಹ್ಮಣರ ಊರಾದ ರುದ್ರಪಟ್ಟಣದಂಥ ಕಾವೇರಿ ದಡದ ಹಳ್ಳಿಗಳಲ್ಲಿಯೂ ಗೊಂಬೆ ಕೂರಿಸುವ ಪದ್ಧತಿ ಇದೆ: ಪಟ್ಟದ ಗೊಂಬೆಗಳೆಂದು ಕರೆಯುವ ರಾಜ-ರಾಣಿಯ ಮರದ ಜೋಡಿಯನ್ನು ಮೇಲಿನ ಮೆಟ್ಟಿಲಿನಲ್ಲಿ ನಿಲ್ಲಿಸಿ, ಕೆಳಗಿನ ಮೆಟ್ಟಿಲುಗಳಲ್ಲಿ ದೇವರುಗಳಿಂದ ಹಿಡಿದು ಶೆಟ್ಟರ ಅಂಗಡಿಯವರೆಗೆ ಎಲ್ಲವನ್ನೂ ಜೋಡಿಸಿ, ಸಂಜೆ ಬಂದ ಮಕ್ಕಳಿಗೆ ಗೊಂಬೆ ಬಾಗಿನವೆಂದು ತಿಂಡಿ ಕೊಡುವುದು ಅದರ ಕ್ರಮ. ಒಕ್ಕಲು ಮನೆಗಳಲ್ಲಿ ಇಷ್ಟು ವಿಸ್ತಾರ ಇಲ್ಲ. ಅಲ್ಲಿ ದಸರೆ ಎಂದರೆ ಮುಖ್ಯವಾಗಿ ಆಯುಧಪೂಜೆ; ನೇಗಿಲು, ಕುಡುಗೋಲು, ಮಚ್ಚು, ಪಂಪುಸೆಟ್ಟು, ಟ್ರ್ಯಾಕ್ಟರು, ಬೈಕು ಎಲ್ಲವನ್ನೂ ತೊಳೆದು ಅರಿಸಿನ-ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆಯುವ ದಿನ ಅದು. ಒಡೆದ ಕುಂಬಳವನ್ನು ರಸ್ತೆಯಲ್ಲೇ ಬಿಟ್ಟು ಮರುದಿನ ಅದರ ಮೇಲೆ ಬೈಕು ಜಾರುವುದೂ ದಸರೆಯ ಒಂದು ವಾರ್ಷಿಕ ವಿಧಿಯೆಂಬಂತೆ ಉಳಿದುಕೊಂಡು ಬಂದಿದೆ. ವಿಜಯದಶಮಿಯಂದು ಊರದೇವರ ಉತ್ಸವ ಬನ್ನಿಮಂಟಪಕ್ಕೆ ಹೋಗಿ, ಅಂಬು ಹೊಡೆದು, ಬನ್ನಿ ಎಲೆ ಹಂಚುವುದರೊಂದಿಗೆ ತಿಂಗಳ ಮೊದಲ ಸುತ್ತು ಮುಗಿಯುತ್ತದೆ.

2025ರ ನವರಾತ್ರಿ ಈ ಮೂರು ಪಂಚಾಂಗಗಳ ಡಿಕ್ಕಿಗೆ ಒಳ್ಳೆಯ ನಿದರ್ಶನ. ಸೆಪ್ಟೆಂಬರ್ 22ರಂದು ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ದಸರೆಯನ್ನು ಉದ್ಘಾಟಿಸಿದವರು ಹಾಸನದ ಲೇಖಕಿ ಬಾನು ಮುಷ್ತಾಕ್. ಅದೇ ವರ್ಷದ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತ್ತು. ಎರಡು ದಿನಗಳ ಬಳಿಕ, ಸೆಪ್ಟೆಂಬರ್ 24ರಂದು, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಕಾದಂಬರಿಕಾರ ಎಸ್.ಎಲ್. ಭೈರಪ್ಪ ತೀರಿಕೊಂಡರು. ಉದ್ಘಾಟನೆಯ ದಿನವೇ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಕೂಡ ಆರಂಭವಾಗಿ, ಶಾಲಾ ಶಿಕ್ಷಕರು ಅರವತ್ತು ಪ್ರಶ್ನೆಗಳ ಪಟ್ಟಿ ಹಿಡಿದು ಮನೆ ಮನೆಗೆ ಬಂದರು. ದಸರಾ ರಜೆಯಲ್ಲೇ ಮುಗಿಯಬೇಕಾಗಿದ್ದ ಆ ಕೆಲಸ ಮುಗಿಯದೆ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಆ ವೇಳೆಗೆ ದೀಪಾವಳಿ ಬಾಗಿಲಿಗೇ ಬಂದಿತ್ತು. ಒಂದು ಕಡೆ ಮಕ್ಕಳು ಸುಮಾರು ಒಂದು ತಿಂಗಳು ಮನೆಯಲ್ಲೇ ಉಳಿದರು, ಇನ್ನೊಂದು ಕಡೆ ಶಿಕ್ಷಕಿಯರ ಮನೆಗಳಲ್ಲಿ ಹಬ್ಬದ ಅಡುಗೆಗೆ ನಿಲ್ಲಬೇಕಾದವರು ಊರೂರು ಸುತ್ತಬೇಕಾಯಿತು.

ಮನೆಯೊಳಗೆ ಇಷ್ಟೆಲ್ಲ ನಡೆಯುವಾಗ ಹೊಲ ಸುಮ್ಮನಿರುವುದಿಲ್ಲ. ಸೂರ್ಯನು ಸೆಪ್ಟೆಂಬರ್ ಕೊನೆಯಲ್ಲಿ ಹಸ್ತ ನಕ್ಷತ್ರವನ್ನೂ ಅಕ್ಟೋಬರ್ ಎರಡನೆಯ ವಾರದಲ್ಲಿ ಚಿತ್ತೆಯನ್ನೂ ಕೊನೆಯ ವಾರದಲ್ಲಿ ಸ್ವಾತಿಯನ್ನೂ ಪ್ರವೇಶಿಸುತ್ತಾನೆ. ಈ ಮೂರು ಮಳೆಗಳ ಮೇಲೆ ಹಾಸನದ ಪೂರ್ವಭಾಗದ ರಾಗಿಯ ಭವಿಷ್ಯ ನಿಂತಿದೆ. ಪಶ್ಚಿಮದ ಸಕಲೇಶಪುರದ ಕಡೆ ಜೂನ್-ಜುಲೈನಲ್ಲಿ ಮಳೆಯ ಅಬ್ಬರ ಮುಗಿದಿರುತ್ತದೆ. ಚನ್ನರಾಯಪಟ್ಟಣ, ಹೊಳೆನರಸೀಪುರಗಳು ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವುದರಿಂದ, ನೈರುತ್ಯ ಮುಂಗಾರು ಹಿಂದೆ ಸರಿದು ಈಶಾನ್ಯದ ಹಿಂಗಾರು ಬರುವ ಈ ಸಂಧಿಕಾಲದಲ್ಲೇ ಅವಕ್ಕೆ ಒಳ್ಳೆಯ ಮಳೆ ಬೀಳುತ್ತದೆ. ಸಂಜೆ ಗುಡುಗಿ ಸುರಿಯುವ ಈ ಮಳೆ ತೆನೆಯಲ್ಲಿ ಕಾಳು ಕಟ್ಟುವ ರಾಗಿಗೆ ಬೇಕು, ಹಾಗೆಯೇ ವಾರಗಟ್ಟಲೆ ಮೋಡ ಕವಿದು ಜಿನುಗಿದರೆ ಬೆಂಕಿರೋಗವನ್ನೂ ತರುತ್ತದೆ. ಶಿಲೀಂಧ್ರದಿಂದ ಬರುವ ಈ ರೋಗ ತೆನೆಯ ಕುತ್ತಿಗೆಗೆ ತಗುಲಿದರೆ ಮೇಲಿನ ತೆನೆ ಜೊಳ್ಳಾಗುತ್ತದೆ. ಅದನ್ನು ತಡೆದುಕೊಳ್ಳುವ ಗುಣವಿದೆ ಎಂಬ ಕಾರಣದಿಂದಲೇ ಜಿಪಿಯು-28 ತಳಿ ಈ ಭಾಗದ ರೈತರಿಗೆ ಮೆಚ್ಚಿಕೆಯಾಯಿತು.

ರಾಗಿ ಹೊಲದಲ್ಲಿ ರಾಗಿಯೊಂದೇ ಇರುವುದಿಲ್ಲ ಎಂಬುದನ್ನು ಪಟ್ಟಣದ ಓದುಗರು ಗಮನಿಸಬೇಕು. ನಾಲ್ಕಾರು ಸಾಲು ರಾಗಿಗೆ ಒಂದು ಸಾಲಿನಂತೆ ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳುಗಳನ್ನು ಬಿತ್ತುವ ಪದ್ಧತಿಗೆ ಅಕ್ಕಡಿ ಸಾಲು ಎನ್ನುತ್ತಾರೆ. ಇದರಲ್ಲಿ ಹುಚ್ಚೆಳ್ಳು ಹಳದಿಯಾಗಿ ಹೂ ಬಿಡುವುದು ಆಶ್ವಯುಜದಲ್ಲಿ, ಅವರೆ ಹೂವಿಗೆ ಬರುವುದು ಅದರ ಹಿಂದೆಯೇ. ದೀಪಾವಳಿಯಲ್ಲಿ ಸಗಣಿಯ ಗುಪ್ಪೆಗಳಿಗೆ ಸಿಕ್ಕಿಸಲು ಹುಚ್ಚೆಳ್ಳು ಹೂವೇ ಬೇಕೆನ್ನುವ ವಾಡಿಕೆ ಹುಟ್ಟಿದ್ದು ಆ ದಿನಗಳಲ್ಲಿ ಹೊಲದಲ್ಲಿ ಬೇಕಾದಷ್ಟು ಸಿಗುತ್ತಿದ್ದುದು ಅದೇ ಆದ್ದರಿಂದ ಎಂದು ಊಹಿಸುವುದು ತಪ್ಪಾಗಲಾರದು. ಹುಚ್ಚೆಳ್ಳು ಬೆಳೆಯುವುದನ್ನೇ ಬಿಟ್ಟ ಊರುಗಳಲ್ಲಿ ಈಗ ಆ ಜಾಗಕ್ಕೆ ಚೆಂಡುಹೂ ಬಂದು ಕುಳಿತಿದೆ.

ನೀರಾವರಿಯ ಕಡೆ ಚಿತ್ರ ಬೇರೆಯಾಗಿದೆ. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ, 37 ಟಿಎಂಸಿ ಅಡಿಗಿಂತ ತುಸು ಹೆಚ್ಚು ನೀರು ಹಿಡಿಯುವ ಜಲಾಶಯದಿಂದ ನಾಲೆಗಳು ಹರಿಯತೊಡಗಿದ ಮೇಲೆ ಹೊಳೆನರಸೀಪುರದ ಬಯಲುಗಳಲ್ಲಿ ಭತ್ತ ವಿಸ್ತಾರವಾಯಿತು. ಆಗಸ್ಟ್ ಹೊತ್ತಿಗೆ ನಾಟಿಯಾದ ಪೈರು ಆಶ್ವಯುಜದಲ್ಲಿ ಗರ್ಭಕಟ್ಟಿ ತೆನೆ ಬಿಚ್ಚುತ್ತದೆ. ಆಗ ಗದ್ದೆಗೆ ನೀರು ತಪ್ಪಬಾರದು, ಕಂದು ಜಿಗಿಹುಳು ಬೀಳದಂತೆ ಬುಡವನ್ನು ನೋಡುತ್ತಿರಬೇಕು. ಹೀಗಾಗಿ ಮನೆಯಲ್ಲಿ ಯಾವ ಹಬ್ಬವಿದ್ದರೂ ಸರದಿಯ ನೀರು ಕಟ್ಟಲು ಒಬ್ಬರು ರಾತ್ರಿ ಗದ್ದೆಯಲ್ಲಿ ಇರಲೇಬೇಕು. ಹಾಸನದ ಸುತ್ತಿನ ಆಲೂಗಡ್ಡೆ ಇಷ್ಟರಲ್ಲಿ ಕಿತ್ತು ಮುಗಿದಿರುತ್ತದೆ. ಅಂಗಮಾರಿ ರೋಗ ಮತ್ತು ಪಂಜಾಬಿನ ಜಲಂಧರ್‌ನಿಂದ ತರಿಸುವ ಬಿತ್ತನೆಗಡ್ಡೆಯ ಬೆಲೆಗೆ ಬೇಸತ್ತು ಹಲವರು ಹಿಡಿದಿರುವ ಮುಸುಕಿನ ಜೋಳದ ಕೊಯ್ಲು ಮಾತ್ರ ದಸರೆಯ ಆಸುಪಾಸಿಗೇ ಬರುತ್ತದೆ. ಮುರಿದ ಜೋಳವನ್ನು ಒಣಗಿಸಲು ಅಂಗಳ ಸಾಲದೆ ರಸ್ತೆಗೆ ಹರಡುವುದು, ಮಧ್ಯಾಹ್ನ ಮೋಡ ಕಟ್ಟಿದ ಕೂಡಲೇ ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಓಡುವುದು ಈ ತಿಂಗಳ ನಿತ್ಯದ ನೋಟ.

ಅರಕಲಗೂಡು ತಾಲ್ಲೂಕಿನಲ್ಲಿ, ಅದರಲ್ಲೂ ರಾಮನಾಥಪುರ-ಕೊಣನೂರುಗಳ ಸುತ್ತ, ಈ ತಿಂಗಳ ಜುಟ್ಟು ಹೊಗೆಸೊಪ್ಪಿನ ಕೈಯಲ್ಲಿದೆ. ಇಲ್ಲಿ ಬೆಳೆಯುವುದು ವರ್ಜೀನಿಯಾ ತಳಿ. ಎಲೆಯನ್ನು ಬ್ಯಾರನ್ ಎಂಬ ಎತ್ತರದ ಕೋಣೆಯಲ್ಲಿ ಕೋಲಿಗೆ ಕಟ್ಟಿ ತೂಗುಹಾಕಿ, ಹೊರಗಿನ ಒಲೆಯ ಬಿಸಿಯನ್ನು ಕೊಳವೆಯ ಮೂಲಕ ಹಾಯಿಸಿ, ಹೊಗೆ ತಾಕದಂತೆ ಹಂತ ಹಂತವಾಗಿ ಹದಗೊಳಿಸುತ್ತಾರೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬ್ಯಾರನ್ನಿನ ಒಲೆ ಹಗಲು ರಾತ್ರಿ ಉರಿಯುತ್ತದೆ. ಅದು ಆರುವ ಹೊತ್ತಿಗೆ ರಾಮನಾಥಪುರದ ತಂಬಾಕು ಮಂಡಳಿಯ ಹರಾಜು ಕಟ್ಟೆ ತೆರೆಯುತ್ತದೆ. ಆಗ ಮನೆಯ ನಡುಮನೆಯೇ ಕಾರ್ಖಾನೆ. ಬಣ್ಣ, ಉದ್ದ, ಕಲೆಗಳನ್ನು ನೋಡಿ ಎಲೆಗಳನ್ನು ದರ್ಜೆವಾರು ಬೇರ್ಪಡಿಸಿ ಬೇಲು ಕಟ್ಟುವ ಕೆಲಸ ಬಹುಮಟ್ಟಿಗೆ ಹೆಂಗಸರದು. ದರ್ಜೆ ತಪ್ಪಿದರೆ ಬೆಲೆ ಬೀಳುತ್ತದೆ, ಎಲೆಯ ತೇವ ಹೆಚ್ಚಾದರೆ ಬೇಲು ವಾಪಸು ಬರುತ್ತದೆ. ಕೇಂದ್ರ ಸರ್ಕಾರದ ಈ ಮಂಡಳಿ 1975ರ ಕಾಯಿದೆಯಿಂದ ಹುಟ್ಟಿದ್ದು, ಯಾರು ಎಷ್ಟು ಬೆಳೆಯಬೇಕೆಂಬುದನ್ನೂ ಗೊತ್ತುಪಡಿಸುತ್ತದೆ. ಹಬ್ಬದ ಬಟ್ಟೆ ಕೊಳ್ಳುವುದೋ ಸಾಲ ತೀರಿಸುವುದೋ ಎಂಬ ಪ್ರಶ್ನೆಗೆ ಅರಕಲಗೂಡಿನ ಬೆಳೆಗಾರರ ಮನೆಗಳಲ್ಲಿ ಉತ್ತರ ಸಿಗುವುದು ಹರಾಜಿನ ಮೊದಲ ವಾರಗಳ ದರದಿಂದ. ಬ್ಯಾರನ್ನಿಗೆ ಸುಟ್ಟ ಸೌದೆಯ ಲೆಕ್ಕ ಬೇರೆಯೇ ಇದೆ. ಈ ಬೆಳೆಯನ್ನು ಬಿಡಬೇಕೆನ್ನುವವರು ಅದಕ್ಕೆ ಸಮನಾಗಿ ನಗದು ತರುವ ಇನ್ನೊಂದು ಮಳೆಯಾಶ್ರಿತ ಬೆಳೆಯನ್ನು ಇನ್ನೂ ತೋರಿಸಿಕೊಟ್ಟಿಲ್ಲ.

ಚನ್ನರಾಯಪಟ್ಟಣದ ಕಡೆ ಇದೇ ಪಾತ್ರ ತೆಂಗಿನದು, ಆದರೆ ಅದಕ್ಕೆ ಆತುರವಿಲ್ಲ. ಕಿತ್ತ ಕಾಯಿಯನ್ನು ಅಟ್ಟದಲ್ಲಿ ಹಲವು ತಿಂಗಳು ಕೂಡಿಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಉಂಡೆ ಕೊಬ್ಬರಿ ಸಿಗುತ್ತದೆ. ಬೇಕಾದಾಗ ಸುಲಿದು ಪೇಟೆಗೆ ಹಾಕಬಹುದು. ಆದ್ದರಿಂದ ಅಟ್ಟದಲ್ಲಿ ಕಾಯಿ ಇರುವ ಮನೆ ಆಶ್ವಯುಜವನ್ನು ಎದುರಿಸುವ ರೀತಿಗೂ, ಹರಾಜಿನ ಚೀಟಿಗೆ ಕಾಯುವ ಮನೆ ಎದುರಿಸುವ ರೀತಿಗೂ ವ್ಯತ್ಯಾಸ ದೊಡ್ಡದು.

ಸೀಗೆ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆರೆಯುತ್ತದೆ. ಹನ್ನೆರಡನೆಯ ಶತಮಾನದ್ದೆಂದು ಹೇಳಲಾಗುವ ಈ ಗುಡಿಯಲ್ಲಿ ವಿಗ್ರಹದ ಬದಲು ಹುತ್ತದ ರೂಪದ ಮೂರು ದೇವಿಯರಿದ್ದಾರೆ. ಸ್ಥಳಪುರಾಣದ ಪ್ರಕಾರ ದಕ್ಷಿಣಕ್ಕೆ ಬಂದ ಸಪ್ತಮಾತೃಕೆಯರಲ್ಲಿ ವೈಷ್ಣವಿ, ಕೌಮಾರಿ, ಮಾಹೇಶ್ವರಿಯರು ಇಲ್ಲಿ ನೆಲೆನಿಂತರು, ಬ್ರಾಹ್ಮಿ ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಗೆ ಹೋದಳು, ಚಾಮುಂಡಿ, ವಾರಾಹಿ, ಇಂದ್ರಾಣಿಯರು ಪಟ್ಟಣದ ದೇವಿಗೆರೆಯಲ್ಲಿ ಉಳಿದರು. ಬಾಗಿಲಿನ ಎದುರು ಬಾಳೆಕಂದನ್ನು ಕಡಿದ ಮೇಲೆ ಗರ್ಭಗುಡಿ ತೆರೆಯುತ್ತದೆ. ಬಲಿಪಾಡ್ಯಮಿಯ ಮರುದಿನ ಮುಚ್ಚುವ ವೇಳೆ ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೆ ಉರಿಯುತ್ತಿರುತ್ತದೆ ಎಂಬುದು ಭಕ್ತರ ನಂಬಿಕೆ. ಗುಡಿಯ ಆವರಣದ ಸೊಸೆಕಲ್ಲಿನ ಕಥೆ ಇನ್ನೊಂದು ಬಗೆಯದು. ದೇವಿಯ ದರ್ಶನದಲ್ಲಿ ಮೈಮರೆತ ಸೊಸೆಯನ್ನು ಅತ್ತೆ ಬಂದು ಹೊಡೆದಾಗ ಅವಳ ಕೂಗಿಗೆ ಓಗೊಟ್ಟ ದೇವಿ ಅವಳನ್ನು ಕಲ್ಲಾಗಿಸಿ ತನ್ನ ಸನ್ನಿಧಿಯಲ್ಲಿ ಉಳಿಸಿಕೊಂಡಳಂತೆ; ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯತ್ತ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ. ಮನೆಗೆಲಸ ಬಿಟ್ಟು ಗುಡಿಯಲ್ಲಿ ನಿಂತ ಹೆಣ್ಣಿನ ಕಥೆಯನ್ನು ಜನ ವರ್ಷದ ಅತ್ಯಂತ ಕೆಲಸದ ತಿಂಗಳಲ್ಲೇ ತೆರೆಯುವ ಗುಡಿಯೊಂದಿಗೆ ಹೊಂದಿಸಿದ್ದು ಆಕಸ್ಮಿಕವೆನಿಸುವುದಿಲ್ಲ.

ಈ ಗುಡಿ ಹಿಂದೆ ಹೆಚ್ಚಾಗಿ ಜಿಲ್ಲೆಯವರದಾಗಿತ್ತು. ಈಗ ರಾಜ್ಯದ ಎಲ್ಲ ಕಡೆಯ ಜನ ಬರುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ದೊರೆತದ್ದು ಇದಕ್ಕೆ ಒಂದು ದೊಡ್ಡ ಕಾರಣ. 2025ರಲ್ಲಿ ದರ್ಶನ ಪಡೆದವರ ಸಂಖ್ಯೆ 20 ಲಕ್ಷವನ್ನು ದಾಟಿತು. ಧರ್ಮದರ್ಶನದ ಸಾಲಲ್ಲದೆ 300 ಮತ್ತು 1,000 ರೂಪಾಯಿ ಟಿಕೆಟ್ಟಿನ ಸಾಲುಗಳೂ ತುಂಬಿ ತುಳುಕಿದವು. ಇದರ ಭಾರ ಬೀಳುವುದು ಹಾಸನ ಪಟ್ಟಣದ ಮನೆಗಳ ಮೇಲೆ. ಬೆಂಗಳೂರಿನ ಚಿಕ್ಕಮ್ಮ, ಮೈಸೂರಿನ ಭಾವ, ಅವರ ಮನೆಯ ಪಕ್ಕದವರು, ಹೀಗೆ ನೆಂಟರು ಮತ್ತು ನೆಂಟರ ನೆಂಟರು ರಾತ್ರಿ ಬಂದಿಳಿದು, ನಸುಕಿನಲ್ಲೇ ಸಾಲಿಗೆ ಹೋಗಿ, ಮಧ್ಯಾಹ್ನ ಊಟಕ್ಕೆ ಹಿಂದಿರುಗುತ್ತಾರೆ. ಶ್ರವಣಬೆಳಗೊಳದ ಮೂಲಕ ಬೆಂಗಳೂರು-ಹಾಸನ ನೇರ ರೈಲುಮಾರ್ಗ 2017ರ ಮಾರ್ಚ್‌ನಲ್ಲಿ ತೆರೆದ ಮೇಲೆ ಬರುವುದು ಸುಲಭವಾಗಿದೆ, ಬಂದವರು ಅದೇ ದಿನ ಹಿಂದಿರುಗುವುದೂ ಸುಲಭವಾಗಿದೆ. ಆತಿಥ್ಯ ಕೊಡುವವರ ದೃಷ್ಟಿಯಿಂದ ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ಉಪಕಾರ.

ಸುಮಾರು ಅಕ್ಟೋಬರ್ 17ಕ್ಕೆ ಬೀಳುವ ತುಲಾ ಸಂಕ್ರಮಣ ಸೌರ ಲೆಕ್ಕದ ಹಬ್ಬವಾದ್ದರಿಂದ ತನ್ನ ಸ್ಥಳ ಬಿಟ್ಟು ಕದಲುವುದಿಲ್ಲ. ತಲಕಾವೇರಿಯಲ್ಲಿ ತೀರ್ಥೋದ್ಭವವಾದ ಮೇಲೆ ಒಂದು ತಿಂಗಳು ಕಾವೇರಿ ಸ್ನಾನ ಶ್ರೇಷ್ಠವೆಂಬ ನಂಬಿಕೆಯಿಂದ ಅರಕಲಗೂಡು, ಹೊಳೆನರಸೀಪುರಗಳ ಜನ ರಾಮನಾಥಪುರಕ್ಕೆ ಹೋಗುತ್ತಾರೆ. ಈ ಸ್ನಾನವನ್ನು ಮಾಡಲೇಬೇಕೆಂಬ ಕಟ್ಟು ಇಲ್ಲ. ಆದ್ದರಿಂದಲೇ ಬಿಡುವು ಸಿಕ್ಕ ಮುದುಕಿಯರು ಈ ಒಂದು ದಿನವನ್ನು ತಮ್ಮದಾಗಿ ಉಳಿಸಿಕೊಂಡಿದ್ದಾರೆ.

ದೀಪಾವಳಿಯ ಮೊದಲ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಬೆಳಗಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ ನೀರು ತುಂಬುತ್ತಾರೆ. ಬಚ್ಚಲುಮನೆಗೆ ಗೀಸರು ಬಂದ ಮೇಲೂ ಈ ಕ್ರಮವನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ವರ್ಗಾಯಿಸಿ ಉಳಿಸಿಕೊಂಡ ಮನೆಗಳಿವೆ. ಮರುದಿನ ನರಕಚತುರ್ದಶಿಯ ನಸುಕಿಗೆ ಎಣ್ಣೆನೀರು, ಅಮಾವಾಸ್ಯೆಗೆ ಲಕ್ಷ್ಮೀಪೂಜೆ, ಪಾಡ್ಯದಂದು ಬಲೀಂದ್ರನ ಪೂಜೆ ಮತ್ತು ದನಗಳ ಪೂಜೆ. ಮದುವೆಯಾದ ಮೊದಲ ವರ್ಷದ ಮಗಳು-ಅಳಿಯಂದಿರನ್ನು ಕರೆದು ಬಟ್ಟೆ, ಉಂಗುರ ಕೊಡುವ ಬಾಬ್ತು ಇದ್ದರೆ ಈ ನಾಲ್ಕು ದಿನಗಳ ಖರ್ಚು ಉಳಿದ ಇಡೀ ತಿಂಗಳಿನದಕ್ಕೆ ಸಮನಾದೀತು. ಪಾಡ್ಯದ ಸಂಜೆ ಹಲವು ಊರುಗಳಲ್ಲಿ ಬಾಗಿಲ ಇಕ್ಕೆಲದ ಸಗಣಿ ಗುಪ್ಪೆಗಳ ಮೇಲೆ, ಕೊಟ್ಟಿಗೆಯಲ್ಲಿ, ಬಾವಿಕಟ್ಟೆಯಲ್ಲಿ, ತಿಪ್ಪೆಯ ಮೇಲೆ ಕೂಡ ದೀಪ ಇಡುತ್ತಾರೆ. ತಿಪ್ಪೆಗೆ ದೀಪ ಇಡುವುದು ಗೊಬ್ಬರವೇ ಬಂಡವಾಳವಾಗಿದ್ದ ಬೇಸಾಯದ ನೆನಪು. ಇದೇ ಅಮಾವಾಸ್ಯೆಯ ಬೆಳಗಿನ ಜಾವವನ್ನು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಜೈನರು ಮಹಾವೀರ ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ಸಮಯವೆಂದು ಪೂಜಿಸುತ್ತಾರೆ.

ಇಷ್ಟನ್ನೂ ನಿಭಾಯಿಸುತ್ತಿದ್ದುದು ಹಿಂದೆ ಮೂರು-ನಾಲ್ಕು ಸೊಸೆಯಂದಿರಿದ್ದ ಕೂಡುಮನೆ. ಒಬ್ಬಳು ಎಡೆಯ ಅಡುಗೆಗೆ ನಿಂತರೆ ಇನ್ನೊಬ್ಬಳು ಕಳೆಗೆ, ಮತ್ತೊಬ್ಬಳು ದನ ಕರೆಯಲು ಹೋಗುತ್ತಿದ್ದಳು. ಆ ವ್ಯವಸ್ಥೆಯನ್ನು ಹೊಗಳಿ ಬರೆಯುವುದು ಸುಲಭ. ಆದರೆ ಅದರೊಳಗಿನ ಹೆಣ್ಣಿನ ದುಡಿಮೆ ಎಷ್ಟು ಕಠಿಣವಾಗಿತ್ತೆಂಬುದಕ್ಕೆ ಭೈರಪ್ಪನವರು 1970ರಲ್ಲಿ ಪ್ರಕಟಿಸಿದ ‘ಗೃಹಭಂಗ’ದ ನಂಜಮ್ಮ ಸಾಕ್ಷಿ. ಸಂಸಾರವನ್ನೂ ಸಾಗಿಸಿ, ಗಂಡ ಬರೆಯಬೇಕಾದ ಶ್ಯಾನುಭೋಗಿಕೆಯ ಲೆಕ್ಕವನ್ನೂ ಬರೆಯುವ ಹೆಣ್ಣು ಅವಳು. ಈಗಿನ ಹಳ್ಳಿಯ ಮನೆಯಲ್ಲಿ ಗಂಡ-ಹೆಂಡತಿ, ಒಬ್ಬರು ಮುದುಕರು ಇದ್ದರೆ ಹೆಚ್ಚು, ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ. ಆದ್ದರಿಂದ ತಿಂಗಳ ಆಕಾರವೇ ಬದಲಾಗಿದೆ. ಬೆಂಗಳೂರಿನವರಿಗೆ ರಜೆ ಸಿಗುವ ಭಾನುವಾರಕ್ಕೆ ಪಕ್ಷದ ಎಡೆಯನ್ನು ಹೊಂದಿಸುವುದು, ಚಕ್ಕುಲಿ-ಕಜ್ಜಾಯಗಳನ್ನು ಅಂಗಡಿಯಿಂದ ತರುವುದು, ಜೋಳ ಮುರಿಯಲು ಗುತ್ತಿಗೆ ಆಳುಗಳನ್ನು ಕರೆಯುವುದು ಸಾಮಾನ್ಯವಾಗಿದೆ. ಆಚರಣೆ ಕೆಟ್ಟಿತೆಂದು ಕೊರಗುವವರು ಇದರಿಂದ ಯಾರ ಬೆನ್ನಿನ ಹೊರೆ ಇಳಿಯಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2025ರಲ್ಲಿ ಅಕ್ಟೋಬರ್ 23ಕ್ಕೆ ಹಾಸನಾಂಬೆಯ ಗುಡಿಯ ಬಾಗಿಲು ಮುಚ್ಚಿದಾಗ ರಾಗಿ ಇನ್ನೂ ಹೊಲದಲ್ಲೇ ಇತ್ತು. ಹಬ್ಬ ಮುಗಿಸಿ ಕೊಯ್ಲಿಗೆ ಅಣಿಯಾಗಲು ಮನೆಗಳಿಗೆ ಎರಡು-ಮೂರು ವಾರ ಸಿಕ್ಕಿತು. ಕ್ವಿಂಟಾಲಿಗೆ 4,886 ರೂಪಾಯಿಯ ಬೆಂಬಲ ಬೆಲೆಗೆ ರಾಗಿ ಮಾರುವವರ ಹೆಸರು ನೋಂದಣಿಯ ಓಡಾಟವೂ ಹಬ್ಬದ ದಿನಗಳಿಂದ ಹೊರಗೇ ಉಳಿಯಬಹುದಾಗಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಸೇರುವುದರಿಂದ ಲೆಕ್ಕ ತಿರುವುಮುರುವಾಗುತ್ತದೆ. ತುಲಾ ಸಂಕ್ರಮಣ ನವರಾತ್ರಿಯ ಒಳಗೇ ಬರುತ್ತದೆ, ದೀಪಾವಳಿ ನವೆಂಬರ್ ಎರಡನೆಯ ವಾರಕ್ಕೆ ಸರಿಯುತ್ತದೆ, ಬೇಗ ಬಿತ್ತಿದ ರಾಗಿಯ ಕೊಯ್ಲು ಹಾಸನಾಂಬೆಯ ದರ್ಶನದ ದಿನಗಳಲ್ಲೇ ತಲೆಯ ಮೇಲೆ ಬರುತ್ತದೆ. ಆ ವರ್ಷ ಚನ್ನರಾಯಪಟ್ಟಣದ ಕಡೆಯ ಮನೆಗಳು ಆಳುಗಳನ್ನು ಗೊತ್ತುಮಾಡಿಕೊಳ್ಳುವ ಮಾತನ್ನು ಪಕ್ಷದ ಎಡೆಯ ಊಟದಲ್ಲೇ ಎತ್ತಬೇಕಾಗುತ್ತದೆ.